ಯುದ್ಧ ಬೇಕೆಂದ ಹೊಂಗೆಬೀಜಗಳು

೧೯೬೫, ಸೆಪ್ಟೆಂಬರ್ ೧೨. ರೇಡಿಯೋದಲ್ಲಿ ಯುದ್ಧದ ವಾರ್ತೆ ಕೇಳಿ ಮುಗಿಸಿ, ಅಜ್ಜಿ ಹೇಳಿದ ಈ ಕಥೆಯನ್ನು ಆ ದಿನ ನನ್ನ ದಿನಚರಿಯಲ್ಲಿ ಬರೆದಿಟ್ಟಿದ್ದೆ.

ಹೊಳೆದಂಡೆಯ ಮಠಕ್ಕೆ ಶಿಷ್ಯ ಕೊಟ್ರಯ್ಯ ಏದುಸಿರು ಬಿಡುತ್ತ ಬಂದ. ಬಗಲಲ್ಲಿ ಹೊಂಗೆಬೀಜದ ಮಡಕೆ.

"ಬುದ್ಧಿ, ಪ್ರಜೆಗಳ ಮನಸ್ಸು ತಿಳಿದು ಬಾ ಅಂತ ಅರಸರು ನನ್ನನ್ನೇ ಕಳಿಸಿದ್ದರು. ಯುದ್ಧ ಬೇಕೆನ್ನುವವರು ಇದಕ್ಕೊಂದು ಬೀಜ ಹಾಕಬೇಕಿತ್ತು. ನೋಡಿ, ಕಂಠಮಟ್ಟ!"

ಗುರುಗಳು ಒಗೆದ ಕಾವಿ ಹಿಂಡುತ್ತಿದ್ದರು. "ಬೇಡವೆನ್ನುವವರು?"

"ಅವರಿಗೆ ಬೇರೆ ಮಡಕೆ ಇಟ್ಟಿದ್ದೆ."

"ಎಲ್ಲಿ?"

"ಕೋಟೆ ಬಾಗಿಲಲ್ಲಿ. ದಳವಾಯಿಯ ಕಾಲ ಬಳಿ."

"ಎಷ್ಟು ಬಿತ್ತು?"

"ಒಂದೂ ಇಲ್ಲ."

"ಅವನು ಮೀಸೆ ತಿರುವುತ್ತ ನಿಂತಿದ್ದರೆ ನಾನೂ ನಿನ್ನ ಮಡಕೆಗೇ ಹಾಕುತ್ತಿದ್ದೆ ಕಣೋ."

ಕೊಟ್ರಯ್ಯ ಮಡಕೆಯನ್ನು ಇನ್ನೊಂದು ಬಗಲಿಗೆ ಬದಲಿಸಿಕೊಂಡ.

"ದಂಡು ಹೊಳೆ ದಾಟುವುದೆಲ್ಲಿ?"

"ಕಡವಿನಕೊಪ್ಪದಲ್ಲಿ."

"ನಿನ್ನ ಅಕ್ಕ ಸಂಗವ್ವನ ಊರು. ಅವಳನ್ನು ಕೇಳಿದೆಯಾ?"

"ಹೋಗಿಬರಲು ಎರಡು ದಿನ ಬೇಕು, ಬುದ್ಧಿ. ಅರಸರಿಗೆ ಸಂಜೆಯೊಳಗೆ ಉತ್ತರ ಬೇಕು. ಅವಳೊಬ್ಬಳ ಬೀಜದಿಂದ ಏನಾದೀತು?"

ಗುರುಗಳು ಮಡಕೆ ಕಸಿದುಕೊಂಡು ಬೀಜಗಳನ್ನೆಲ್ಲ ಹೊಳೆಗೆ ಸುರಿದರು.

"ಹೋಗು. ಮೊದಲು ಅವಳನ್ನು ಕೇಳು."

ಬರಿದಾದ ಮಡಕೆ ಹೊತ್ತು ಕೊಟ್ರಯ್ಯ ಹೊರಟ. ಅರಸರ ಮುಂದೆ ಬರಿಗೈಯಲ್ಲಿ ನಿಲ್ಲುವುದು ಹೇಗೆ? ಹಾದಿಯುದ್ದಕ್ಕೂ ಹೊಂಗೆಮರಗಳು. ಬುಡದಲ್ಲಿ ಬೀಜ ಚೆಲ್ಲಾಡಿತ್ತು. ಜನ ಹೇಳಿದ್ದು ಹೇಗೂ ಗೊತ್ತೇ ಇದೆಯಲ್ಲ, ಇದರಲ್ಲಿ ಸುಳ್ಳೇನು ಬಂತು ಅಂದುಕೊಂಡ. ಬಾಗಿ ಬಾಗಿ ಆರಿಸಿದ. ಅರಮನೆ ಸೇರುವಷ್ಟರಲ್ಲಿ ಮಡಕೆ ಮತ್ತೆ ಕಂಠಮಟ್ಟವಾಗಿತ್ತು.

ಮರುದಿನವೇ ದಂಡು ಹೊರಟಿತು.

ತಿಂಗಳಾದ ಮೇಲೆ, ಅರಸರು ಹೊದಿಸಿದ ಶಾಲಿನಲ್ಲೇ ಕೊಟ್ರಯ್ಯ ಮಠಕ್ಕೆ ಬಂದ.

"ಗೆದ್ದೆವು, ಬುದ್ಧಿ! ಕಡವಿನಕೊಪ್ಪದಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗಲಿಲ್ಲವಂತೆ."

"ಯಾರು ಹೇಳಿದರು?"

"ಡಂಗುರದವನು ಸಾರಿದ."

"ಅವನಿಗೆ?"

"ದಳವಾಯಿ."

ಆಗ ಕೊಟ್ರಯ್ಯ ಗುರುಗಳನ್ನು ಸರಿಯಾಗಿ ನೋಡಿದ. ಕಾವಿಗೆ ಮಸಿ ಹತ್ತಿತ್ತು. ಉಗುರಿನ ಸಂದಿಗಳಲ್ಲಿ ಮಣ್ಣಿತ್ತು.

"ಬುದ್ಧಿ... ನೀವು ಎಲ್ಲಿಗೆ ಹೋಗಿದ್ದಿರಿ?"

"ನೀನು ಹೋಗದ ಊರಿಗೆ. ಮನೆಗಳೆಲ್ಲ ಉರಿದಿವೆ. ಬಾವಿಯ ನೀರು ಕುಡಿಯುವ ಹಾಗಿಲ್ಲ. ನಿನ್ನ ಅಕ್ಕನನ್ನೂ ಅವಳ ಮಕ್ಕಳಿಬ್ಬರನ್ನೂ ಒಂದೇ ಗುಂಡಿಯಲ್ಲಿ ಮಣ್ಣು ಮಾಡಿ ಬಂದೆ. ಗುಂಡಿ ತೋಡುವುದಕ್ಕೆ ಅಲ್ಲಿ ಬೇರೆ ಯಾರೂ ಉಳಿದಿರಲಿಲ್ಲ."