ಪದ್ದಕ್ಕನ ಕ್ಲೆಮಾಟಿಸ್ ಬಳ್ಳಿ

ಮಕ್ಕಳೇ, ತಂಪಾದ ಬೆಟ್ಟವೊಂದರ ತಪ್ಪಲಿನಲ್ಲಿ ಒಂದು ಕಾಡು. ಕಾಡಿನ ತಗ್ಗಿನಲ್ಲಿ ಒಂದು ಹೊಂಡ. ಹೊಂಡದಿಂದ ಮೇಲಕ್ಕೆ ಹತ್ತಿದರೆ ಉದ್ದಕ್ಕೆ ಮಲಗಿದ ಕರಿಬಂಡೆ. ಆ ಬಂಡೆ ದಾಟಿದ ಮೇಲೆ, ಬಿದಿರುಮೆಳೆಯ ಪಕ್ಕದಲ್ಲಿ, ಪದ್ದಕ್ಕ ಎಂಬ ಮೊಲದ ಮನೆಯಿತ್ತು.

ಪದ್ದಕ್ಕ ಒಬ್ಬಳೇ ಇದ್ದಳು. ಅಂಗಳವನ್ನು ದಿನಕ್ಕೆರಡು ಸಲ ಗುಡಿಸುತ್ತಿದ್ದಳು. ಆದರೆ ಆ ಅಂಗಳದಲ್ಲಿ ಕಾಲಿಟ್ಟು ನಿಲ್ಲುವವರು ಯಾರೂ ಇರಲಿಲ್ಲ. ಜಿಂಕೆಗಳು ನೀರಿಗೆ ಹೋಗುವಾಗ "ಚೆನ್ನಾಗಿದ್ದೀಯಾ ಪದ್ದಕ್ಕಾ?" ಎನ್ನುತ್ತಿದ್ದವು. ಇವಳು ಬಾಯಿ ತೆರೆಯುವಷ್ಟರಲ್ಲಿ ಮುಂದೆ ಹೋಗಿಬಿಡುತ್ತಿದ್ದವು.

"ನನ್ನ ಮನೆ ಮುಂದೆ ನಾಲ್ಕು ಜನ ನಿಲ್ಲುವಂಥದ್ದು ಏನಾದರೂ ಇರಬೇಕು" ಎಂದು ಅವಳು ಯೋಚಿಸುತ್ತಿದ್ದಳು.

ಕಾಡಿನ ಅಂಚಿಗೆ ಒಂದು ಬಂಗಲೆಯಿತ್ತು. ಒಂದು ಬೆಳಿಗ್ಗೆ ಪದ್ದಕ್ಕ ಅದರ ಬೇಲಿ ನುಸುಳಿ ಕ್ಯಾರೆಟ್ ತಿನ್ನಲು ಹೋದಾಗ, ಕಮಾನಿನ ಮೇಲೆ ಹಬ್ಬಿದ ಬಳ್ಳಿಯೊಂದನ್ನು ಕಂಡಳು. ಅಂಗೈಯಗಲದ ನೇರಳೆ ಹೂಗಳು. ನಡುವೆ ಬಿಳಿಯ ಕೇಸರಗಳ ಕುಚ್ಚು. ಪದ್ದಕ್ಕ ಕ್ಯಾರೆಟ್ಟನ್ನೇ ಮರೆತಳು.

ತೋಟದ ಮಾಲಿ ಬಂಗಲೆಗೆ ಬಂದವರಿಗೆ ಹೇಳುತ್ತಿದ್ದ: "ಇದಕ್ಕೆ ಕ್ಲೆಮಾಟಿಸ್ ಅಂತಾರೆ. ಬಹಳ ಸೂಕ್ಷ್ಮ. ತಲೆಗೆ ಬಿಸಿಲು ಬೇಕು, ಕಾಲಿಗೆ ನೆರಳು ಬೇಕು. ಬುಡ ಕಾದರೆ ಮುಗಿಯಿತು."

ಅವನು ಆ ಕಡೆ ತಿರುಗಿದಾಗ, ಕೆಳಗೆ ಕತ್ತರಿಸಿ ಹಾಕಿದ್ದ ಒಂದು ಕಡ್ಡಿಯನ್ನು ಪದ್ದಕ್ಕ ಬಾಯಲ್ಲಿ ಕಚ್ಚಿಕೊಂಡು ಓಡಿಬಂದಳು.

ಕಡ್ಡಿಯನ್ನು ಅಂಗಳದಲ್ಲಿ ನೆಟ್ಟಳು. ಎಲೆಯ ದೊನ್ನೆಯಲ್ಲಿ ನೀರು ತಂದು ಹಾಕಿದಳು. ಒಂದು ತಿಂಗಳಿಗೆ ಎರಡು ಎಲೆ ಬಂದವು. ಮರುದಿನ ಬಸವನಹುಳುಗಳು ಬಂದು ಎರಡನ್ನೂ ತಿಂದುಹೋದವು. ಮತ್ತೆ ಚಿಗುರಿತು. ಮತ್ತೆ ತಿಂದವು. ಪದ್ದಕ್ಕ ಅಳುತ್ತಾ ಹೊಂಡಕ್ಕೆ ಓಡಿದಳು.

ಹೊಂಡದ ದಂಡೆಯ ತಂಪು ಕೆಸರಿನಲ್ಲಿ ಮಾಳಣ್ಣ ಎಂಬ ನೆಲಗಪ್ಪೆ ವಾಸವಾಗಿದ್ದ. ಮೈತುಂಬ ಗುಳ್ಳೆ, ಅಗಲ ಬಾಯಿ, ನಿಧಾನದ ಮಾತು. ಅಲ್ಲಿ ಅವನಿಗೆ ಯಾವ ಕೊರತೆಯೂ ಇರಲಿಲ್ಲ.

"ಅಣ್ಣಾ, ನೀನು ಬಂದು ನನ್ನ ಅಂಗಳದಲ್ಲಿ ಇರಬೇಕು" ಎಂದಳು ಪದ್ದಕ್ಕ. "ಹುಳುಗಳಿಂದ ನನ್ನ ಬಳ್ಳಿಯನ್ನು ಉಳಿಸಿಕೊಡು. ನೀನು ಬಾರದಿದ್ದರೆ ಅದು ಸತ್ತೇಹೋಗುತ್ತದೆ."

"ನಾನು ನೀರಿನ ಪಕ್ಕ ಇರುವವನು ತಂಗಿ. ನಿನ್ನ ಅಂಗಳದಲ್ಲಿ ನನ್ನ ಚರ್ಮ ಒಣಗುತ್ತದೆ."

"ನೆರಳು ಮಾಡಿಕೊಡುತ್ತೇನೆ. ದಿನಾ ನೀರು ಹಾಕುತ್ತೇನೆ. ನನಗೆ ಬೇರೆ ಯಾರಿದ್ದಾರೆ ಹೇಳು?"

ಕೊನೆಯ ಮಾತಿಗೆ ಮಾಳಣ್ಣ ಸೋತ. ಅಂದು ಸಂಜೆಯೇ ಬಂಡೆ ದಾಟಿ ಬಂದ.

ಬಂದವನು ಸುಮ್ಮನೆ ಕೂರಲಿಲ್ಲ. ಬಳ್ಳಿಯ ಬುಡದ ಸುತ್ತ ಚಪ್ಪಡಿ ಕಲ್ಲುಗಳನ್ನು ಜೋಡಿಸಲು ಹೇಳಿದ. ಹೊಂಡದ ದಂಡೆಯಿಂದ ಒಂದೆಲಗದ ಗಿಡಗಳನ್ನು ತರಿಸಿ, ಬುಡ ಕಾಣದಂತೆ ನೆಡಿಸಿದ. ಆ ಕಲ್ಲುಗಳ ಸಂದಿಯಲ್ಲಿ ತಾನು ಕೂತ. ಸಂಜೆಯಾದರೆ ಹೊರಬಂದು ಒಂದೊಂದೇ ಬಸವನಹುಳುವನ್ನು ನುಂಗಿ ಮುಗಿಸುತ್ತಿದ್ದ.

ಪದ್ದಕ್ಕ ಬಳ್ಳಿ ಹತ್ತಲೆಂದು ದಪ್ಪ ಬಿದಿರೊಂದನ್ನು ಹೂತಿದ್ದಳು. ಬಳ್ಳಿ ಅದನ್ನು ಹಿಡಿಯಲೇ ಇಲ್ಲ. ಜಾರಿ ಜಾರಿ ನೆಲಕ್ಕೆ ಬೀಳುತ್ತಿತ್ತು.

"ಅದಕ್ಕೆ ಕೈ ಇಲ್ಲ ತಂಗಿ" ಎಂದ ಮಾಳಣ್ಣ. "ಎಲೆಯ ತೊಟ್ಟಿನಿಂದಲೇ ಸುತ್ತಿಕೊಂಡು ಹತ್ತುತ್ತದೆ. ಅಷ್ಟು ಚಿಕ್ಕ ತೊಟ್ಟು ಇಷ್ಟು ದಪ್ಪ ಬಿದಿರನ್ನು ತಬ್ಬುವುದು ಹೇಗೆ? ಬಿದಿರಿನ ಸುತ್ತ ಸಣ್ಣ ಸಣ್ಣ ಕಡ್ಡಿ ಕಟ್ಟು."

ಕಡ್ಡಿ ಕಟ್ಟಿದಳು. ಬಳ್ಳಿ ಹತ್ತತೊಡಗಿತು.

ಮೊದಲ ವರ್ಷ ಮೊಣಕಾಲೆತ್ತರ. ಚಳಿಗಾಲದಲ್ಲಿ ಎಲೆಯೆಲ್ಲ ಉದುರಿ ಕಂದು ನೂಲಿನಂತೆ ನಿಂತಿತು. "ಸತ್ತಿತು!" ಎಂದು ಪದ್ದಕ್ಕ ಕೀಳಲು ಹೊರಟಾಗ ಮಾಳಣ್ಣ ತಡೆದ. "ಉಗುರಿನಿಂದ ತುಸು ಕೆರೆದು ನೋಡು" ಎಂದ. ಕೆರೆದರೆ ಒಳಗೆ ಹಸಿರು! ಪದ್ದಕ್ಕ ಕುಣಿದಾಡಿಬಿಟ್ಟಳು. ಎರಡನೇ ವರ್ಷ ಬಾಗಿಲಿನೆತ್ತರ ಬೆಳೆಯಿತು. ಹೂವು ಒಂದೇ ಒಂದು, ಅದೂ ಎಲೆಯ ಮರೆಯಲ್ಲಿ. ಇಬ್ಬರೂ ಅದರ ಕೆಳಗೆ ಕೂತು ಒಂದು ಇಡೀ ಮಧ್ಯಾಹ್ನ ಅದನ್ನೇ ನೋಡಿದರು. ಅಂದು ಪದ್ದಕ್ಕ ತನ್ನ ತಾಯಿಯ ಕತೆ ಹೇಳಿದಳು. ಮಾಳಣ್ಣ ಹೊಂಡ ಬತ್ತಿದ ವರ್ಷದ ಕತೆ ಹೇಳಿದ.

ಮೂರನೇ ವರ್ಷ ಬೇಸಿಗೆ ಕಾಲಿಡುವಾಗ ಬಳ್ಳಿ ಅರಳಿತು ನೋಡಿ! ಮೆಟ್ಟಿಲಿನಿಂದ ಬಿದಿರಿನ ತುದಿಯವರೆಗೆ ಹೂವೋ ಹೂವು. ಎಲೆ ಯಾವುದು ಎಂದು ಹುಡುಕಬೇಕು, ಹಾಗೆ.

ಜಿಂಕೆಗಳು ನಿಂತವು. ಅಳಿಲುಗಳು ಮರ ಇಳಿದು ಬಂದವು. ಕಾಡುಕೋಳಿ ತನ್ನ ಮರಿಗಳನ್ನೆಲ್ಲ ಕರೆತಂದಿತು.

"ಒಬ್ಬಳೇ ಬೆಳೆಸಿದೆಯಾ ಪದ್ದಕ್ಕಾ?" ಎಂದು ಕೇಳಿದವು.

ಮೊದಲ ದಿನ ಪದ್ದಕ್ಕ "ಇಲ್ಲಪ್ಪಾ, ಮಾಳಣ್ಣನೂ ಇದ್ದ" ಎಂದಳು. ಎರಡನೇ ದಿನ "ಕಪ್ಪೆಯಣ್ಣ ಸ್ವಲ್ಪ ಸಹಾಯ ಮಾಡಿದ" ಎಂದಳು. ನಾಲ್ಕನೇ ದಿನದ ಹೊತ್ತಿಗೆ "ಹೌದು, ಬಹಳ ಕಷ್ಟಪಟ್ಟೆ" ಎಂದಷ್ಟೇ ಹೇಳತೊಡಗಿದಳು. ಕಲ್ಲಿನ ಸಂದಿಯಲ್ಲಿ ಮಾಳಣ್ಣನಿಗೆ ಇದೆಲ್ಲ ಕೇಳಿಸುತ್ತಿತ್ತು. "ಇರಲಿ, ಅವಳ ಮನೆಗೆ ಜನ ಬರುತ್ತಿದ್ದಾರಲ್ಲ" ಎಂದು ಸುಮ್ಮನಿದ್ದ.

ಆ ಕಾಡಿನಲ್ಲಿ ಪ್ರತಿ ಬೇಸಿಗೆಗೂ ಪ್ರಾಣಿಗಳೆಲ್ಲ ಒಂದು ಕಡೆ ಸೇರಿ ಹಾಡಿ ಕುಣಿಯುವ ಕೂಟ ನಡೆಯುತ್ತಿತ್ತು. ಯಾರ ಅಂಗಳದಲ್ಲಿ ಎಂದು ಗೊತ್ತುಮಾಡುವವರು ಸೋಗೆರಾಯರು ಎಂಬ ನವಿಲು. ಬಳ್ಳಿಯ ಸುದ್ದಿ ಕೇಳಿ ಒಂದು ಬೆಳಿಗ್ಗೆ ರಾಯರೇ ಬಂದುಬಿಟ್ಟರು. ಪದ್ದಕ್ಕನ ಕಿವಿಗಳೆರಡೂ ನೆಟ್ಟಗಾದವು.

ರಾಯರು ಕತ್ತು ಓರೆಮಾಡಿ ಹೂಗಳನ್ನು ನೋಡಿದರು. "ಚೆನ್ನಾಗಿದೆ. ಈ ಸಲದ ಕೂಟ ಇಲ್ಲೇ ಆಗಬಹುದು" ಎಂದರು. ಆಮೇಲೆ ಅವರ ಕಣ್ಣು ಕೆಳಗಿಳಿಯಿತು. "ಅಯ್ಯೋ, ಇದೇನಿದು? ಇಷ್ಟು ಚಂದದ ಹೂವಿನ ಬುಡದಲ್ಲಿ ಕೆಸರುಗಲ್ಲು, ಹೊಂಡದ ಸೊಪ್ಪು! ಆ ಸಂದಿಯಲ್ಲಿ ಗುಳ್ಳೆಗುಳ್ಳೆಯಾಗಿ ಕೂತಿದೆಯಲ್ಲ, ಅದು ಯಾರು? ನಿನ್ನ ಕಡೆಯವರಾ?"

ಪದ್ದಕ್ಕ ಒಮ್ಮೆ ಕಲ್ಲಿನ ಸಂದಿಯ ಕಡೆ, ಒಮ್ಮೆ ರಾಯರ ಕಡೆ ನೋಡಿದಳು.

"ನನ್ನ ಕಡೆಯವರಲ್ಲ ರಾಯರೇ" ಎಂದಳು. "ಯಾವುದೋ ಹೊಂಡದ ಕಪ್ಪೆ. ಹೇಗೋ ಬಂದು ಸೇರಿಕೊಂಡಿದೆ."

ಮಾಳಣ್ಣ ಕಣ್ಣು ಮುಚ್ಚಿಕೊಂಡ.

"ಕೂಟಕ್ಕೆ ಇನ್ನು ಎಂಟು ದಿನ" ಎಂದರು ರಾಯರು. "ಅದನ್ನೆಲ್ಲ ಚೊಕ್ಕಮಾಡು. ಬುಡಕ್ಕೆ ಬಿಳಿ ಮರಳು ಹಾಸಿಬಿಡು, ಹೂವು ಎದ್ದುಕಾಣುತ್ತದೆ. ಸಂಜೆ ಬಂದು ನೋಡುತ್ತೇನೆ."

ರಾಯರು ಹೋದ ಮೇಲೆ ಪದ್ದಕ್ಕ ಕಲ್ಲಿನ ಹತ್ತಿರ ಬಂದಳು. ಬಿಸಿಲು ನೆತ್ತಿಗೇರಿತ್ತು.

"ಅಣ್ಣಾ, ಬೇಸರ ಮಾಡಿಕೊಳ್ಳಬೇಡ. ಒಂದೆಂಟು ದಿನ ನೀನು ಹೊಂಡದ ಕಡೆ ಹೋಗಿ ಇದ್ದರೆ…"

"ಹೋಗುತ್ತೇನೆ ತಂಗಿ. ಸಂಜೆಯಾಗಲಿ. ಈಗ ಬಂಡೆ ಕಾದಿದೆ."

"ಸಂಜೆ ರಾಯರು ಬರುತ್ತಾರೆ. ಅಷ್ಟರೊಳಗೆ ಅಂಗಳ ಸರಿಮಾಡಬೇಕು."

ಮಾಳಣ್ಣ ಅವಳ ಮುಖವನ್ನು ನೋಡಿದ. ಅವಳು ಹೂಗಳ ಕಡೆ ನೋಡುತ್ತಿದ್ದಳು.

"ಸರಿ" ಎಂದು ಅವನು ಹೊರಗೆ ಬಂದ. "ನಾನು ಹೋದರೂ ಆ ಕಲ್ಲು, ಒಂದೆಲಗ ಮಾತ್ರ ತೆಗೆಯಬೇಡ. ಬೇರು ಬೆಂದುಹೋಗುತ್ತದೆ."

"ತೆಗೆಯುವುದಿಲ್ಲ, ನೀನು ಹೊರಡು" ಎಂದಳು ಪದ್ದಕ್ಕ.

ಅವನು ಬಂಡೆಯ ತಿರುವಿನಲ್ಲಿ ಮರೆಯಾಗುವ ಮೊದಲೇ ಅವಳು ಕಲ್ಲುಗಳನ್ನು ಉರುಳಿಸತೊಡಗಿದ್ದಳು. ಒಂದೆಲಗವನ್ನು ಬೇರುಸಹಿತ ಕಿತ್ತು ಬಿದಿರುಮೆಳೆಯ ಹಿಂದೆ ಎಸೆದಳು. ಹಳ್ಳದಿಂದ ಬಿಳಿ ಮರಳು ಹೊತ್ತು ತಂದು ಬುಡದ ಸುತ್ತ ಹಾಸಿದಳು. ಸಂಜೆ ರಾಯರು ಬಂದು "ಈಗ ಮನೆ ಮನೆಯಂತಿದೆ" ಎಂದರು. ಪದ್ದಕ್ಕನಿಗೆ ಆ ಒಂದು ಮಾತೇ ಸಾಕಾಯಿತು.

ಎರಡು ದಿನ ಎಲ್ಲವೂ ಚೆನ್ನಾಗಿತ್ತು. ಮೂರನೇ ದಿನ ಮಧ್ಯಾಹ್ನ ಮರಳು ಬಾಣಲೆಯಂತೆ ಕಾಯಿತು. ಎಲೆಗಳು ಕೆಳಮುಖವಾದವು. ಪದ್ದಕ್ಕ ದೊನ್ನೆಗಟ್ಟಲೆ ನೀರು ತಂದು ಸುರಿದಳು. ಮರಳಿನಲ್ಲಿ ನೀರು ನಿಲ್ಲಲೇ ಇಲ್ಲ. ಐದನೇ ದಿನ ಹೂವುಗಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದವು. ಆರನೇ ದಿನ ಬೆಳಿಗ್ಗೆ ನೋಡಿದರೆ ಬಸವನಹುಳುಗಳು ಸಾಲುಗಟ್ಟಿ ಬಂದು ಬುಡದ ಸಿಪ್ಪೆಯನ್ನು ಕೆರೆದು ತಿಂದಿದ್ದವು.

ಕೂಟದ ದಿನ ಬಂತು. ಬಳ್ಳಿ ಬುಡದಿಂದ ತುದಿಯವರೆಗೆ ಕಪ್ಪಾಗಿತ್ತು. ಸೋಗೆರಾಯರು ಹಿಂದೆ ಹತ್ತಾರು ಪ್ರಾಣಿಗಳನ್ನು ಕಟ್ಟಿಕೊಂಡು ಬಂದು ಅಂಗಳದ ಅಂಚಿನಲ್ಲೇ ನಿಂತರು.

"ಇದೇನಮ್ಮಾ, ಒಣಕಡ್ಡಿಯ ಕೆಳಗೆ ಕುಣಿಯಬೇಕಾ ನಾನು?"

"ನೀವೇ ಅಲ್ಲವಾ ರಾಯರೇ, ಕಲ್ಲು ತೆಗೆದು ಮರಳು ಹಾಸು ಎಂದವರು?"

"ನಾನಾ?" ರಾಯರು ಸುತ್ತಲಿದ್ದವರನ್ನು ನೋಡಿ ನಕ್ಕರು. "ಗಿಡದ ವಿಚಾರ ನನಗೆ ಗೊತ್ತೇ ಇಲ್ಲವಲ್ಲ! ಬನ್ನಿ, ಮುಳ್ಳುಹಂದಿಯ ಅಂಗಳದಲ್ಲಿ ಹೊಂಗೆಯ ನೆರಳಿದೆ, ಅಲ್ಲಿಗೆ ಹೋಗೋಣ."

ಎಲ್ಲರೂ ತಿರುಗಿದರು. ಜಿಂಕೆಯೊಂದು ಹೋಗುತ್ತಾ ಹೋಗುತ್ತಾ "ಚೆನ್ನಾಗಿದ್ದೀಯಾ ಪದ್ದಕ್ಕಾ?" ಎಂದಿತು. ಉತ್ತರಕ್ಕೆ ಕಾಯಲಿಲ್ಲ.

ಪದ್ದಕ್ಕ ಹೊಂಡಕ್ಕೆ ಓಡಿದಳು. ದಾರಿಯುದ್ದಕ್ಕೂ "ಮಾಳಣ್ಣ ಬಂದರೆ ಸರಿಹೋಗುತ್ತದೆ, ಮಾಳಣ್ಣನಿಗೆ ಗೊತ್ತು" ಎಂದುಕೊಳ್ಳುತ್ತಲೇ ಓಡಿದಳು. ಹೊಂಡದ ದಂಡೆಯಲ್ಲಿ ಮಾಳಣ್ಣನ ಹಳೆಯ ಜಾಗವನ್ನು ಕಾಡೆಮ್ಮೆಗಳು ತುಳಿದು ಹಾಕಿದ್ದವು. ಆ ಬದಿಯ ಒಂದು ಕೊಳೆತ ಮರದ ದಿಮ್ಮಿಯ ಕೆಳಗೆ ಅವನು ಕೂತಿದ್ದ.

"ಅಣ್ಣಾ, ಬೇಗ ಬಾ! ಬಳ್ಳಿ ಸಾಯುತ್ತಿದೆ! ಕಲ್ಲೆಲ್ಲ ಮತ್ತೆ ಇಡುತ್ತೇನೆ. ಒಂದೆಲಗ ನೆಡುತ್ತೇನೆ. ಹುಳು ಬೇರೆ ಬಂದಿವೆ. ಈಗಲೇ ಬಾ!"

ಮಾಳಣ್ಣ ಅಲುಗಲಿಲ್ಲ. "ಕಲ್ಲು ತೆಗೆದೆಯಾ?" ಎಂದು ಮಾತ್ರ ಕೇಳಿದ.

"ತಪ್ಪಾಯಿತು ಅಣ್ಣಾ. ಈಗ ಏನು ಮಾಡಲಿ, ಅದನ್ನು ಹೇಳು."

"ನೆಲದಿಂದ ಒಂದು ಗೇಣು ಬಿಟ್ಟು ಬಳ್ಳಿಯನ್ನು ಕತ್ತರಿಸು. ಮರಳು ತೆಗೆದು ಎಲೆಗೊಬ್ಬರ ಹಾಕು. ನೆರಳು ಕಟ್ಟು. ಬೇರು ಬದುಕಿದ್ದರೆ ಮಳೆಗೆ ಚಿಗುರಬಹುದು."

"ನೀನೇ ಬಂದು ನೋಡಬಾರದಾ?"

ಆಗ ಮಾಳಣ್ಣ ನಿಧಾನವಾಗಿ ತನ್ನ ಹಿಂಗಾಲುಗಳನ್ನು ಮುಂದಕ್ಕೆ ಎಳೆದು ತೋರಿಸಿದ. ಅಂಗಾಲುಗಳು ಸುಟ್ಟು, ಸಿಪ್ಪೆ ಎದ್ದು, ಸೆಟೆದುಹೋಗಿದ್ದವು. ಕಾದ ಬಂಡೆಯನ್ನು ನಡುಮಧ್ಯಾಹ್ನ ದಾಟಿದ ಗುರುತು ಅದು.

"ನಾನು ಇನ್ನು ಕುಪ್ಪಳಿಸಲಾರೆ" ಎಂದ. "ಅದು ಇರಲಿ. ನೀನು ಬಂದು ಇಷ್ಟು ಹೊತ್ತಾಯಿತು. ಬಳ್ಳಿ ಸಾಯುತ್ತಿದೆ, ಹುಳು ಬಂದಿವೆ, ಎಲ್ಲ ಹೇಳಿದೆ. ನಾನು ಹೇಗಿದ್ದೇನೆ ಎಂದು ಒಂದು ಮಾತು ಕೇಳಲಿಲ್ಲ."

ಪದ್ದಕ್ಕ ಒಂದು ಹೆಜ್ಜೆ ಮುಂದಿಟ್ಟಳು.

"ಬೇಡ" ಎಂದ ಮಾಳಣ್ಣ. ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಯಾವುದೋ ಹೊಂಡದ ಕಪ್ಪೆ. ಹೊಂಡದಲ್ಲೇ ಇರುತ್ತೇನೆ." ಹಾಗೆಂದು ದಿಮ್ಮಿಯ ಒಳಕ್ಕೆ ತೆವಳಿಕೊಂಡು ಹೋದ.

ಪದ್ದಕ್ಕ ಮನೆಗೆ ಬಂದು ಅವನು ಹೇಳಿದ್ದನ್ನೆಲ್ಲ ಮಾಡಿದಳು. ಬಳ್ಳಿಯನ್ನು ಕತ್ತರಿಸಿದಳು, ಗೊಬ್ಬರ ಹಾಕಿದಳು, ಕಲ್ಲುಗಳನ್ನು ಮೊದಲಿದ್ದಂತೆಯೇ ಜೋಡಿಸಿದಳು. ದಿನಾ ಬೆಳಿಗ್ಗೆ ಬಗ್ಗಿ ಬಗ್ಗಿ ನೋಡಿದಳು. ಚಿಗುರು ಬರಲಿಲ್ಲ. ಕೊನೆಗೆ ಒಂದು ದಿನ ಮುಟ್ಟಿದಾಗ ಬುಡ ಕೈಗೇ ಕಿತ್ತುಬಂತು. ಬೇರುಗಳೆಲ್ಲ ಬೆಂದು ಬೂದುಬಣ್ಣವಾಗಿದ್ದವು.

ಅದೇ ವಾರ, ಸಂಜೆಯ ಹೊತ್ತಿಗೆ ಮೊದಲ ಮಳೆ ಬಂತು. ಹೊಂಡದ ಕಪ್ಪೆಗಳೆಲ್ಲ ಒಟ್ಟಿಗೆ ಕೂಗತೊಡಗಿದವು. ಪದ್ದಕ್ಕ ಬಾಗಿಲಲ್ಲಿ ಕೂತು ಕಿವಿ ನಿಮಿರಿಸಿ ಕೇಳಿದಳು. ಆ ಗದ್ದಲದಲ್ಲಿ ಮಾಳಣ್ಣನ ದನಿ ಇದೆಯೋ ಇಲ್ಲವೋ, ಇದ್ದರೆ ಯಾವುದು, ಅವಳಿಗೆ ಗುರುತು ಸಿಗಲಿಲ್ಲ. ಮೂರು ವರ್ಷ ಒಂದೇ ಅಂಗಳದಲ್ಲಿದ್ದರೂ ಅವನ ದನಿಯನ್ನು ಅವಳು ಗಮನವಿಟ್ಟು ಕೇಳಿರಲೇ ಇಲ್ಲ.

ನೀತಿ: ನಾಲ್ಕು ಜನರ ಹೊಗಳಿಕೆಗಾಗಿ ನಮ್ಮ ಬೇರನ್ನು ಕಾಪಾಡಿದವರನ್ನು ಹೊರಗಟ್ಟಿದರೆ, ಹೊಗಳಿಕೆಯೂ ಉಳಿಯುವುದಿಲ್ಲ, ಹೋದವರೂ ಮರಳಿ ಬರುವುದಿಲ್ಲ.