ಆಚೆ ಕಡೆಯ ಹೊಸ್ತಿಲು

ಮರಿದೇವ ಎಂಬ ಶಿಷ್ಯ ಗುರುಗಳನ್ನು ಕೇಳಿದ: “ಬುದ್ಧೀ, ಇಲ್ಲಿ ದೀಕ್ಷೆ ಬೇಕೆಂದರೆ ಮೊದಲು ಊರಿಗೆ ಹೋಗಿ ತಾಯಿಯ ಒಪ್ಪಿಗೆ ತರಬೇಕು ಅನ್ನುತ್ತೀರಿ. ಹೊಳೆಯಾಚೆಯ ಮಠದಲ್ಲಿ ಒಂದು ತೆಂಗಿನಕಾಯಿ ಇಟ್ಟರೆ ಸಾಕಂತೆ. ಬಿಡುವ ಮನೆ ಒಂದೇ ಆಗಿರುವಾಗ ಇಲ್ಲೊಂದು ಬೆಲೆ, ಅಲ್ಲೊಂದು ಬೆಲೆ ಏಕೆ?”

ತಾಯಿಯ ಎದುರು ನಿಲ್ಲಲು ಅಂಜಿ ಅವನು ಹೀಗೆ ಮಠಮಠದ ಕಟ್ಟಳೆ ವಿಚಾರಿಸುತ್ತಲೇ ಕೆಲವು ವರ್ಷ ಕಳೆದಿದ್ದ. ಗುರುಗಳಿಗೆ ಅದು ಗೊತ್ತಿತ್ತು. ಅವರು ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿ. ಅವನ ಮನೆ ಪೇಟೆಗೂ ಹಳ್ಳಿಗೂ ನಡುವಿನ ಗಡಿಯ ಮೇಲಿತ್ತು. ಮುಂಬಾಗಿಲು ಪೇಟೆಯ ಬೀದಿಗೆ, ಹಿಂದಿನ ಗೋಡೆ ಹಳ್ಳಿಯ ಹಾದಿಗೆ. ಪೇಟೆಯಲ್ಲಿ ಮನೆ ಮಾರಿದವನು ಬಂದ ಹಣದಲ್ಲಿ ಹತ್ತರಲ್ಲೊಂದು ಪಾಲು ತೆರಿಗೆ ಕೊಡಬೇಕು. ಹಳ್ಳಿಯಲ್ಲಿ ನಲವತ್ತರಲ್ಲೊಂದು. ಗಡಿಯ ಮನೆ ಪೇಟೆಯದೋ ಹಳ್ಳಿಯದೋ ಎಂಬುದಕ್ಕೆ ಹಿಂದಿನಿಂದ ಒಂದು ಪದ್ಧತಿ ಇತ್ತು: ಹೊಸ್ತಿಲು ಯಾವ ಕಡೆಗೋ ಮನೆಯೂ ಆ ಕಡೆಗೆ.

ವ್ಯಾಪಾರಿಯ ಹೆಂಡತಿಗೆ ಉಬ್ಬಸ. ಇಲ್ಲಿನ ಧೂಳು ಈಕೆಗೆ ಆಗದು, ಆಷಾಢದ ಗಾಳಿ ಏಳುವ ಮೊದಲು ಈಕೆಯ ತವರಿನ ಕಡೆ ಹೋಗಿ ನೆಲೆಸಿ ಎಂದು ವೈದ್ಯ ಹೇಳಿದ್ದ. ಮನೆ ಕೊಳ್ಳಲು ಒಬ್ಬ ಸಿದ್ಧನಿದ್ದ. ಆಗ ವ್ಯಾಪಾರಿಗೆ ತೆರಿಗೆಯ ನೆನಪಾಯಿತು. ಹಿಂದಿನ ಗೋಡೆ ಒಡೆದು ಅಲ್ಲಿ ಹೊಸ್ತಿಲು ಇಡಿಸಿ, ಮುಂಬಾಗಿಲು ಮುಚ್ಚಿಸಲು ಹೊರಟ.

ಹೆಂಡತಿ ಹೇಳಿದಳು: “ಕೇಳಿದ್ದು ಕೊಟ್ಟುಬಿಡಿ ಅಂದ್ರೆ. ಹೊರಟುಬಿಡೋಣ.”

“ಅದೇ ಮನೆ, ಅವೇ ಗೋಡೆ. ಆ ಕಡೆ ಕಡಿಮೆ ಇರುವಾಗ ಈ ಕಡೆ ಸುರಿಯೋಕೆ ನನಗೇನು ತಲೆ ಕೆಟ್ಟಿದೆಯಾ?” ಎಂದ.

ಗೋಡೆ ಒಡೆದದ್ದಾಯಿತು. ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಯಾರೂ ಹೊಸ್ತಿಲು ಇಡುವುದಿಲ್ಲ. ಬಡಗಿ ಕೈಕಟ್ಟಿ ಕುಳಿತ. ಒಡೆದ ಕಡೆ ಚಾಪೆ ಕಟ್ಟಿದರು. ಆ ಗಾಳಿಗೆ ಚಾಪೆ ಯಾವ ಲೆಕ್ಕ? ಹಳ್ಳಿಯ ಹಾದಿಯ ಧೂಳೆಲ್ಲ ನೇರವಾಗಿ ಆಕೆಯ ಹಾಸಿಗೆಗೆ ಬಂತು. ಹೆಂಡತಿಯನ್ನಾದರೂ ಮೊದಲು ಕಳಿಸಯ್ಯಾ ಎಂದವರಿಗೆ, ಇನ್ನೇನು ಶ್ರಾವಣ ಬಂತು, ಒಟ್ಟಿಗೇ ಹೊರಡುತ್ತೇವೆ ಎಂದ. ಪಾಪ, ಕೆಟ್ಟವನಲ್ಲ. ಪಕ್ಕದಲ್ಲಿ ಕುಳಿತು ಅವಳ ಬೆನ್ನು ನೀವುತ್ತಿದ್ದ. ನೀವುತ್ತಲೇ ಉಳಿಯುವ ಹಣದ ಲೆಕ್ಕವನ್ನೂ ಹಾಕುತ್ತಿದ್ದ.

ಶ್ರಾವಣದಲ್ಲಿ ಒಂದು ಒಳ್ಳೆಯ ದಿನ ನೋಡಿ ಹೊಸ್ತಿಲು ಇಟ್ಟರು, ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದರು. ಮನೆ ಹಳ್ಳಿಯದಾಯಿತು. ಮಾರಿದಾಗ ತೆರಿಗೆ ನಲವತ್ತರಲ್ಲೊಂದೇ ಬಿತ್ತು. ಅವನ ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ಆದರೆ ಆ ಹೊಸ್ತಿಲು ದಾಟಿ ಮೊದಲು ಹೊರಗೆ ಹೋದದ್ದು ಅವನ ಹೆಂಡತಿಯ ಹೆಣ.

ಗುರುಗಳು ಕತೆ ನಿಲ್ಲಿಸಿದರು.

ಮರಿದೇವ, “ಬೆಲೆ ಬೇರೆ ಬೇರೆ ಏಕೆಂದು ಹೇಳಲೇ ಇಲ್ಲವಲ್ಲ, ಬುದ್ಧೀ” ಎಂದ.

ಗುರುಗಳು ಕೇಳಿದರು: “ನಿನ್ನ ತಾಯಿಗೆ ಈಗ ವಯಸ್ಸೆಷ್ಟು, ಮರಿದೇವ?”