ಉಪದೇಶಿಗಳ ಹಿಂದೆ ಚೌರಪ್ಪ

ಕೇಳ್ರಪ್ಪ. ಬೆಟ್ಟದ ಬುಡದ ಕ್ರೈಸ್ತರ ಕೇರಿಯಲ್ಲಿ ಮದಲಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಚೌರಪ್ಪ. ವಯಸ್ಸು ಮೂವತ್ತು, ಮೈ ಕೋಣದ್ದು, ಮನಸ್ಸು ಮಗುವಿನದು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಬಂದದ್ದು ಕಷ್ಟ.

ಮದಲಮ್ಮನಿಗೆ ಕೆಮ್ಮು ಹೆಚ್ಚಾಗಿತ್ತು. ನಾನು ಹೋದ ಮೇಲೆ ಇವನಿಗೆ ಯಾರು ಅನ್ನುವ ಕೊರಗು. ಚರ್ಚಿನಲ್ಲಿ ಜಪ ಹೇಳಿಕೊಡುವ ಉಪದೇಶಿ ಇನ್ನಾಸಪ್ಪನವರ ಹತ್ತಿರ ಮಗನನ್ನು ಕರೆದೊಯ್ದಳು.

"ಶಿಷ್ಯನ್ನ ಮಾಡ್ಕೊಳ್ಳಿ ಉಪದೇಶಿಗಳೇ. ಇವನ ಕೈ ಬಿಡಬ್ಯಾಡಿ."

"ಶುಭ ಶುಕ್ರವಾರದವರೆಗೆ ನೋಡ್ತೀನಿ ಕಣವ್ವ. ಕಲಿತರೆ ನಮ್ಮನೇಲೇ ಇರ್ಲಿ. ಇಲ್ದಿದ್ರೆ ವಾಪಸ್."

ಮದಲಮ್ಮ ಮಗನ ಕಿವಿಯಲ್ಲಿ, "ಅವರ ಹೆಜ್ಜೇಲೇ ಹೆಜ್ಜೆ ಇಡು ಮಗ" ಅಂದಳು. ಉಪದೇಶಿಗಳ ಎಡಗಾಲು ಕುಂಟು. ಚೌರಪ್ಪನೂ ಕುಂಟಿಕೊಂಡೇ ಹೊರಟ. ಕೇರಿಗೆ ಕೇರಿಯೇ ನಕ್ಕಿತು.

"ಏನ್ಲಾ ಇದು? ಕುಂಟಬ್ಯಾಡ. ಸುಮ್ನೆ ನನ್ನ ಹಿಂದೆ ಬಾ. ನನಗಿಂತ ಮುಂದೆ ಮಾತ್ರ ಹೋಗಬ್ಯಾಡ."

"ಆಯ್ತು ಉಪದೇಶಿಗಳೇ."

ಕಾಯಿಲೆಯ ಮುದುಕಿಯೊಬ್ಬಳ ಮನೆಗೆ ಜಪಕ್ಕೆ ಹೋದರು. ಜಪ ಮುಗಿಸಿ ಉಪದೇಶಿಗಳು ಬಾಗಿಲಿಗೆ ತಿರುಗಿದರೆ ಚೌರಪ್ಪ ಸುತ್ತಿ ಬಂದು ಅವರ ಬೆನ್ನ ಹಿಂದೆ ನಿಂತ. ಅವನನ್ನು ಗದರಲು ತಿರುಗಿದರೆ ಮತ್ತೆ ಸುತ್ತಿದ. ಇಬ್ಬರೂ ಗಾಣದೆತ್ತಿನ ಹಾಗೆ ತಿರುಗಿದ್ದು ನೋಡಿ, ತಿಂಗಳಿಂದ ಮಲಗಿದ್ದ ಮುದುಕಿ ಎದ್ದು ಕೂತು ನಕ್ಕಳು.

"ನನ್ನ ಬೆನ್ನು ಕಾಯೋದಲ್ಲ ಕಣ್ಲಾ. ಇನ್ನೊಬ್ಬರ ಭಾರ ಹೊರು. ಶಿಷ್ಯ ಅಂದ್ರೆ ಅದು."

"ಆಯ್ತು ಉಪದೇಶಿಗಳೇ."

ಮಾರನೇ ದಿನ ಚೌರಪ್ಪ ದಾರಿಯಲ್ಲಿ ಸಿಕ್ಕವರ ಸೌದೆ, ಹುಲ್ಲು, ರಾಗಿ ಮೂಟೆ, ಎಲ್ಲ ಹೊತ್ತು ತಂದು ಉಪದೇಶಿಗಳ ಅಂಗಳದಲ್ಲೇ ಇಳಿಸಿದ. ಹಿಂದೆ ಹತ್ತು ಹೆಂಗಸರು ಬೈಯುತ್ತ ಬಂದರು.

"ಹೊರು ಅಂದ್ರಿ. ಎಲ್ಲಿ ಇಳಿಸು ಅನ್ನಲಿಲ್ಲ" ಅಂದ ಚೌರಪ್ಪ.

ಉಪದೇಶಿಗಳು ಹಣೆ ಹಣೆ ಚಚ್ಚಿಕೊಂಡರು. ಮದಲಮ್ಮ ಸೆರಗು ಕಚ್ಚಿ ಅತ್ತಳು.

ಶುಭ ಶುಕ್ರವಾರ ಬಂತು. ಬೆಟ್ಟದ ಮೇಲೆ ಶಿಲುಬೆ ಹಾದಿ. ಯೇಸು ಶಿಲುಬೆ ಹೊತ್ತ ನೆನಪಿಗೆ ಹದಿನಾಲ್ಕು ಸ್ಥಳಗಳಲ್ಲಿ ನಿಂತು ಜಪಿಸುತ್ತ, ಹಾಡುತ್ತ ಊರೆಲ್ಲ ಬೆಟ್ಟ ಹತ್ತುವುದು. ಮೂರನೇ ಸ್ಥಳದಲ್ಲೇ ಉಪದೇಶಿಗಳ ಕಾಲು ಕೈಕೊಟ್ಟಿತು, ಕುಸಿದು ಕೂತರು. ಜನ ಅಯ್ಯೋ ಪಾಪ ಅಂದರು, ಹಾಡು ಮುಂದುವರಿಸಿದರು. ಚೌರಪ್ಪ ಬಂದ, ಬಗ್ಗಿದ, ಅವರನ್ನು ಬೆನ್ನಿಗೇರಿಸಿದ.

ಎರಡು ಹೆಜ್ಜೆ ಇಟ್ಟು ನಿಂತ. ಇವರು ಬೆನ್ನ ಮೇಲಿದ್ದರೆ ನಾನೇ ಮುಂದಾದೆನಲ್ಲ? ತಟ್ಟನೆ ತಿರುಗಿ ಹಿಂದುಹಿಂದಕ್ಕೇ ಬೆಟ್ಟ ಹತ್ತತೊಡಗಿದ. ಉಪದೇಶಿಗಳು ಕತ್ತು ತಿರುಗಿಸಿ ತಿರುಗಿಸಿ, "ಕಲ್ಲು ಕಣ್ಲಾ, ಈ ಕಡೆ, ಈ ಕಡೆ" ಅನ್ನುತ್ತ ದಾರಿ ತೋರಿಸಿದರು. ಹಾಡು ನಿಂತು ನಗು ಎದ್ದಿತು.

ಮದಲಮ್ಮ ಓಡಿ ಬಂದು ಕೈಮುಗಿದಳು. "ತಪ್ಪಾಯ್ತು ಉಪದೇಶಿಗಳೇ. ಮನೆಗೆ ಕರ್ಕೊಂಡೋಯ್ತೀನಿ."

ಉಪದೇಶಿಗಳ ಕಣ್ಣು ತುಂಬಿತ್ತು. "ಬ್ಯಾಡ ಕಣವ್ವ. ನಲವತ್ತು ವರ್ಷದಿಂದ ಭಾರ ಹೊರಿ ಅಂತ ಹೇಳ್ದೆ, ಎಲ್ರೂ ಆಮೆನ್ ಅಂದ್ರು. ಹೊತ್ತೋನು ಇವನೊಬ್ಬ. ನೀನು ನಿಶ್ಚಿಂತೆಯಾಗಿರು, ನಾನು ಕೈ ಬಿಡಾಕಿಲ್ಲ."

ಚೌರಪ್ಪ ಏದುಸಿರು ಬಿಡುತ್ತಲೇ ಹೇಳಿದ: "ಬಿಡಬ್ಯಾಡಿ ಉಪದೇಶಿಗಳೇ. ಕುತ್ತಿಗೆ ಬಿಗಿಯಾಗಿ ಹಿಡ್ಕಳಿ. ಕೈ ಬಿಟ್ರೆ ಬಿದ್ದೋಯ್ತೀರಿ."